ಅರ್ಧ ವ್ಯಾಟ್ ಸಾಕು

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಎರಡು ಮೂರು ಕಾರು ಮಾಡಿಕೊಂಡು, ಬಂಧುಬಳಗದ ಜೊತೆ ಘಟ್ಟದ ಕಡೆ ಹೊರಡುವವರು ಹೆಚ್ಚುತ್ತಾರೆ. ಚಾರ್ಮಾಡಿಯ ತಿರುವುಗಳಲ್ಲೋ ಕುದುರೆಮುಖದ ಶೋಲಾ ಕಾಡುಗಳ ಮಗ್ಗುಲಲ್ಲೋ ಮೊಬೈಲಿನ ಸಿಗ್ನಲ್ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಹಿಂದಿನ ಕಾರಿನವರಿಗೆ ಪಂಕ್ಚರ್ ಆಯಿತೇ, ಮಗುವಿಗೆ ವಾಂತಿ ಬಂತೆಂದು ನಿಲ್ಲಿಸಿಕೊಂಡರೇ, ಕವಲುದಾರಿಯಲ್ಲಿ ಬೇರೆ ಕಡೆ ತಿರುಗಿಬಿಟ್ಟರೇ ಎಂದು ಮುಂದಿನವರಿಗೆ ತಿಳಿಯುವ ದಾರಿ ಇರುವುದಿಲ್ಲ. ಇಂಥ ಹೊತ್ತಿಗಾಗಿಯೇ ಈಚೆಗೆ ಅನೇಕ ಕುಟುಂಬಗಳು ವಾಕಿಟಾಕಿ ಕೊಳ್ಳುತ್ತಿವೆ. ಕೊಳ್ಳುವುದು ಒಳ್ಳೆಯದೇ. ಆದರೆ ಬಹುಪಾಲು ಜನ ಕೊಳ್ಳುವಾಗ ನೋಡುವುದು ಎರಡೇ ಸಂಖ್ಯೆ: ಡಬ್ಬಿಯ ಮೇಲಿನ ಕಿಲೋಮೀಟರ್ ಮತ್ತು ವ್ಯಾಟ್. ಎರಡೂ ದೊಡ್ಡದಿದ್ದಷ್ಟೂ ಸೆಟ್ ಒಳ್ಳೆಯದೆಂಬ ನಂಬಿಕೆಯಲ್ಲಿ 5 ವ್ಯಾಟ್‌ನ ಸೆಟ್ ತರಿಸಿಕೊಳ್ಳುತ್ತಾರೆ. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಪರವಾನಗಿ ಬೇಡದ ಪುಟ್ಟ ಸೆಟ್ ಕೊಳ್ಳುವುದು ಕಾನೂನಿಗೆ ಹೆದರಿ ಮಾಡಿಕೊಳ್ಳುವ ರಾಜಿಯಲ್ಲ, ಸಂಸಾರದ ಪ್ರವಾಸಕ್ಕೆ ನಿಜವಾಗಿ ಒದಗುವ ಸಾಧನವೇ ಅದು ಎಂಬುದು ಈ ಬರಹದ ವಾದ.

ಮೊದಲು ದೂರದ ಲೆಕ್ಕ ನೋಡೋಣ, ಏಕೆಂದರೆ ತಪ್ಪು ತಿಳಿವಳಿಕೆ ಹುಟ್ಟುವುದೇ ಅಲ್ಲಿ. ವಾಕಿಟಾಕಿಗಳು ಬಳಸುವ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿ ದುಂಡಗಿರುವುದರಿಂದ ಒಂದು ಹಂತದ ಆಚೆ ನೆಲವೇ ಅಡ್ಡ ಬರುತ್ತದೆ. ರೇಡಿಯೊ ಎಂಜಿನಿಯರುಗಳು ಬಳಸುವ ಸರಳ ಸೂತ್ರವೊಂದಿದೆ: ಆ್ಯಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅದರ ದಿಗಂತ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ. ನಿಂತ ಮನುಷ್ಯನ ಕೈಯಲ್ಲಿರುವ ಸೆಟ್ 1.5 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು 5 ಕಿಲೋಮೀಟರ್. ಇಬ್ಬರೂ ಹಾಗೆ ನಿಂತಿದ್ದರೆ, ನಡುವೆ ಮರ, ಮನೆ, ದಿಬ್ಬ ಒಂದೂ ಇಲ್ಲದ ಚಪ್ಪಟೆ ಬಯಲಿನಲ್ಲಿ, 10 ಕಿಲೋಮೀಟರ್. ಸೆಟ್ಟಿನೊಳಗೆ ಅರ್ಧ ವ್ಯಾಟ್ ಇರಲಿ 5 ವ್ಯಾಟ್ ಇರಲಿ, ಆ ಗಡಿ ಹೆಚ್ಚೇನೂ ಕದಲುವುದಿಲ್ಲ. ಅದೇ ಅರ್ಧ ವ್ಯಾಟ್ ಸೆಟ್ ಹಿಡಿದು ಎತ್ತರದ ಶಿಖರವೊಂದನ್ನು ಹತ್ತಿದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಮುಳ್ಳಯ್ಯನಗಿರಿಯ ತುದಿ ಎದುರಿನ ಬಯಲಿಗಿಂತ 900 ಮೀಟರ್ ಮೇಲಿದೆ ಎಂದಿಟ್ಟುಕೊಂಡರೆ, ಅಲ್ಲಿಂದ ರೇಡಿಯೊ ದಿಗಂತ 120 ಕಿಲೋಮೀಟರ್ ದಾಟುತ್ತದೆ. ನಡುವೆ ಏನೂ ಅಡ್ಡವಿಲ್ಲದಿದ್ದರೆ ಅರ್ಧ ವ್ಯಾಟ್ ಅಷ್ಟು ದೂರ ಮುಟ್ಟೀತು ಎಂದು ಲೆಕ್ಕವೂ ಹೇಳುತ್ತದೆ. ಡಬ್ಬಿಗಳ ಮೇಲೆ ಕಾಣುವ ದೊಡ್ಡ ಕಿಲೋಮೀಟರುಗಳು ಇಂಥ ಶಿಖರದಿಂದ ಕಣಿವೆಗೆ, ಬೆಟ್ಟದಿಂದ ಬೆಟ್ಟಕ್ಕೆ ಅಳೆದವು. ಅವು ಸುಳ್ಳಲ್ಲ, ಆದರೆ ನಮ್ಮ ದಾರಿಯವೂ ಅಲ್ಲ.

ಹಾಗಾದರೆ ಹತ್ತುಪಟ್ಟು ಶಕ್ತಿಯಿಂದ ಏನೂ ಪ್ರಯೋಜನವಿಲ್ಲವೇ? ಇದೆ, ಆದರೆ ನಾವು ಊಹಿಸುವಷ್ಟಲ್ಲ. ತೆರೆದ ಆಕಾಶದಲ್ಲಿ ದೂರ ಹೆಚ್ಚುವುದು ಶಕ್ತಿಯ ವರ್ಗಮೂಲದಷ್ಟು. ಹತ್ತುಪಟ್ಟು ಶಕ್ತಿಗೆ ಮೂರುಪಟ್ಟು ಚಿಲ್ಲರೆ ದೂರ. ನೆಲಕ್ಕೆ ಹತ್ತಿರ, ಕಾಡು ಕಟ್ಟಡಗಳ ನಡುವೆ ಅಲೆಗಳು ಇನ್ನೂ ಬೇಗ ಸೊರಗುತ್ತವೆ. ಅಲ್ಲಿ ಸಾಮಾನ್ಯವಾಗಿ ಬಳಸುವ ಅಂದಾಜಿನ ಪ್ರಕಾರ ಹತ್ತುಪಟ್ಟು ಶಕ್ತಿಯಿಂದ ದೂರ ಇಮ್ಮಡಿಯೂ ಆಗುವುದಿಲ್ಲ. ಅರ್ಧ ವ್ಯಾಟ್ ಒಂದು ಕಿಲೋಮೀಟರ್ ಮುಟ್ಟುವ ಕಾಡಿನಲ್ಲಿ 5 ವ್ಯಾಟ್ ಮುಟ್ಟುವುದು ಸುಮಾರು 1.8 ಕಿಲೋಮೀಟರ್. ನಡುವೆ ಬಂಡೆಯ ಗುಡ್ಡವೊಂದು ಬಂದರೆ ಎರಡೂ ಮೂಕ. ಕಾರಿನ ಲೋಹದ ಮೈ, ಮಳೆಯಲ್ಲಿ ತೊಯ್ದ ಎಲೆಗಳ ಗೋಡೆ ಇವೆಲ್ಲ ಕಳೆಯುವ ಶಕ್ತಿಯನ್ನು ವ್ಯಾಟ್ ಸೇರಿಸಿ ತುಂಬಿಕೊಳ್ಳಲು ಹೊರಡುವುದಕ್ಕಿಂತ ಸೆಟ್ಟನ್ನು ಕಿಟಕಿಯ ಬಳಿ ಹಿಡಿಯುವುದು, ನಾಲ್ಕು ಹೆಜ್ಜೆ ನಡೆದು ಎತ್ತರದ ಜಾಗದಲ್ಲಿ ನಿಲ್ಲುವುದು ಹೆಚ್ಚು ಕೆಲಸ ಮಾಡುತ್ತದೆ. ಇಷ್ಟಕ್ಕೂ ಒಂದು ಸಂಸಾರ ಪ್ರವಾಸದಲ್ಲಿ ಎಷ್ಟು ದೂರ ಚದುರುತ್ತದೆ? ಒಂದರ ಹಿಂದೊಂದು ಹೋಗುವ ಕಾರುಗಳ ನಡುವೆ ಒಂದೆರಡು ಕಿಲೋಮೀಟರ್; ಚಾರಣದಲ್ಲಿ ಮುಂದೆ ಓಡುವ ಹುಡುಗರಿಗೂ ಹಿಂದೆ ನಿಧಾನಕ್ಕೆ ಬರುವ ಹಿರಿಯರಿಗೂ ನಡುವೆ ಅರ್ಧ ಕಿಲೋಮೀಟರ್; ಜಾತ್ರೆಯಲ್ಲೋ ಮೈಸೂರು ದಸರಾ ವಸ್ತುಪ್ರದರ್ಶನದಲ್ಲೋ ಕೆಲವು ನೂರು ಮೀಟರ್. ಸೆಟ್ ಆರಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಈ ಅಂತರದ್ದು.

ಇನ್ನು ಕಾನೂನು. ಭಾರತದಲ್ಲಿ ವೈರ್‌ಲೆಸ್ ಸಾಧನವನ್ನು ಬಳಸುವುದಕ್ಕಷ್ಟೇ ಅಲ್ಲ, ಬಳಿ ಇಟ್ಟುಕೊಳ್ಳುವುದಕ್ಕೂ ಪರವಾನಗಿ ಬೇಕು ಎಂದದ್ದು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ. ಅನುಮತಿಯಿಲ್ಲದೆ ಟ್ರಾನ್ಸ್‌ಮಿಟರ್ ಇಟ್ಟುಕೊಂಡವರಿಗೆ 3 ವರ್ಷದವರೆಗಿನ ಜೈಲುಶಿಕ್ಷೆಗೆ ಅದರಲ್ಲಿ ಅವಕಾಶವಿತ್ತು. ಅದನ್ನೂ 1885ರ ಟೆಲಿಗ್ರಾಫ್ ಕಾಯ್ದೆಯನ್ನೂ ತೆಗೆದು ಅವುಗಳ ಜಾಗದಲ್ಲಿ ಹೊಸ ಕಾನೂನು ಇರಲೆಂದು ಸಂಸತ್ತು 2023ರಲ್ಲಿ ದೂರಸಂಪರ್ಕ ಕಾಯ್ದೆಯನ್ನು ಒಪ್ಪಿತು. ಅನುಮತಿ ಅಥವಾ ವಿನಾಯಿತಿ ಇಲ್ಲದೆ ರೇಡಿಯೊ ಉಪಕರಣ ಇರಕೂಡದೆಂಬ ಮೂಲ ತತ್ವ ಹೊಸ ಕಾನೂನಿನಲ್ಲೂ ಉಳಿದಿದೆ. ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 2018ರ ಅಕ್ಟೋಬರಿನಲ್ಲಿ ಬಂದ ವಿನಾಯಿತಿ ನಿಯಮಗಳು. ಕಡಿಮೆ ಶಕ್ತಿಯ, ಕಿರುದೂರದ ಸಾಧನಗಳಿಗೆ ಪರವಾನಗಿ ಬೇಡವೆಂದು ಹೇಳಿದ ಆ ನಿಯಮಗಳ ಪಟ್ಟಿಯಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಬ್ಯಾಂಡ್ ಸೇರಿದೆ. ಯುರೋಪಿನ ದೇಶಗಳಲ್ಲಿ ಮನೆಮಂದಿ, ಅಂಗಡಿಗಳು, ಚಾರಣಿಗರು ಬಹುಕಾಲದಿಂದ ಪಿಎಂಆರ್ 446 ಎಂಬ ಹೆಸರಿನಲ್ಲಿ ಬಳಸುತ್ತಿರುವುದೂ ಇದೇ ಬ್ಯಾಂಡ್. ಅಲ್ಲಿನ ಸೆಟ್ಟುಗಳ ಶಕ್ತಿ ಅರ್ಧ ವ್ಯಾಟ್, ಆ್ಯಂಟೆನಾ ಬಿಚ್ಚಲು ಬರುವುದಿಲ್ಲ. ಬ್ಯಾಂಡಿನ ಅಗಲ ಒಟ್ಟು 200 ಕಿಲೋಹರ್ಟ್ಸ್. ಒಂದೊಂದು ಚಾನೆಲ್‌ಗೆ 12.5ರಂತೆ ಹಂಚಿದರೆ 16 ಚಾನೆಲ್. ಅಗ್ಗದ 5 ವ್ಯಾಟ್ ಸೆಟ್ಟನ್ನು 446ಕ್ಕೆ ಹೊಂದಿಸಿಕೊಂಡರಾಯಿತಲ್ಲ ಎಂದು ಕೆಲವರು ಉಪಾಯ ಹೇಳುತ್ತಾರೆ. ಅದು ನಡೆಯದು. ವಿನಾಯಿತಿ ಇರುವುದು ಕಡಿಮೆ ಶಕ್ತಿಯ ಸಾಧನಕ್ಕೆ. ಫ್ರೀಕ್ವೆನ್ಸಿ ಸರಿಯಿದ್ದು ಶಕ್ತಿ ಮಿತಿ ಮೀರಿದರೂ ಅದು ಪರವಾನಗಿ ಇಲ್ಲದ ಟ್ರಾನ್ಸ್‌ಮಿಟರ್ರೇ.

ಈ ಬಿಗಿ ಯಾಕೆ ಎಂಬುದನ್ನು ಅರಿತರೆ ಅದು ಅಧಿಕಾರಿಗಳ ಹಟವೆಂದು ಅನ್ನಿಸುವುದಿಲ್ಲ. ಪೇಟೆಯಲ್ಲಿ ಅಗ್ಗವಾಗಿ ಸಿಗುವ, ಬೇಕಾದ ಫ್ರೀಕ್ವೆನ್ಸಿ ಒತ್ತಿಕೊಳ್ಳಬಹುದಾದ ಸೆಟ್ಟುಗಳು ಸಾಮಾನ್ಯವಾಗಿ 136ರಿಂದ 174, ಮತ್ತೆ 400ರಿಂದ 520 ಮೆಗಾಹರ್ಟ್ಸ್‌ವರೆಗೆ ಪ್ರಸಾರ ಮಾಡಬಲ್ಲವು. ಪೊಲೀಸ್, ಅಗ್ನಿಶಾಮಕ, ಅರಣ್ಯ ಇಲಾಖೆಯಂಥವು ತಮ್ಮ ವೈರ್‌ಲೆಸ್ ಮಾತಿಗೆ ನೆಚ್ಚಿಕೊಂಡಿರುವ ಬ್ಯಾಂಡುಗಳು ಈ ಹರವಿನೊಳಗೇ ಬರುತ್ತವೆ. ಇಂಥ ಸೆಟ್ ಹಿಡಿದ ಹುಡುಗನೊಬ್ಬ ಗೊತ್ತಿಲ್ಲದೆ ಗುಂಡಿ ಒತ್ತಿ ಹಿಡಿದರೆ, ಅದೇ ಫ್ರೀಕ್ವೆನ್ಸಿಯಲ್ಲಿ ಕಾಡ್ಗಿಚ್ಚಿನ ಸುದ್ದಿ ಹೇಳುತ್ತಿರುವ ಅರಣ್ಯ ರಕ್ಷಕನ ಮಾತು ಅಷ್ಟು ಹೊತ್ತು ಮುಚ್ಚಿಹೋಗುತ್ತದೆ. ಹುಡುಗನಿಗೆ ಅದು ತಿಳಿಯುವುದೂ ಇಲ್ಲ. ಇದು ಪರರ ಜೀವದ ಪ್ರಶ್ನೆ. ಯಾರೂ ಹಿಡಿಯುವುದಿಲ್ಲವಲ್ಲ ಎಂದು ಹೇಳುವವರಿಗೆ ನನ್ನ ಉತ್ತರವೂ ಇದೇ.

ಕೊಳ್ಳುವವರೇ ಎಲ್ಲ ತಪ್ಪು ಮಾಡುತ್ತಿದ್ದಾರೆ ಎನ್ನಲಾರೆ. ಮಾರುವವರು ಮಾಹಿತಿ ಮುಚ್ಚಿಟ್ಟರೆ ಕೊಳ್ಳುವವನು ಎಲ್ಲಿಗೆ ಹೋಗಬೇಕು? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಆನ್‌ಲೈನ್ ಮಾರಾಟ ವೇದಿಕೆಗಳಿಗೂ ಮಾರಾಟಗಾರರಿಗೂ 13 ನೋಟಿಸ್ ಕೊಟ್ಟಿತು. ಫ್ರೀಕ್ವೆನ್ಸಿ ಯಾವುದು, ಪರವಾನಗಿ ಬೇಕೇ, ಸರ್ಕಾರದ ಅನುಮೋದನೆ ಇದೆಯೇ ಎಂಬುದನ್ನು ಹೇಳದೆಯೇ ವಾಕಿಟಾಕಿಗಳು ಮಾರಾಟವಾಗುತ್ತಿವೆ ಎಂಬುದು ಆಕ್ಷೇಪ. ಅದೇ ತಿಂಗಳ ಕೊನೆಯಲ್ಲಿ ಮಾರ್ಗಸೂಚಿಯೂ ಹೊರಬಿತ್ತು: ಯಾವ ಫ್ರೀಕ್ವೆನ್ಸಿ ಎಂಬುದನ್ನೂ ಅನುಮೋದನೆಯ ವಿವರವನ್ನೂ ಮಾರಾಟದ ಪುಟದಲ್ಲಿ ಕಾಣಿಸಬೇಕು. ಅನುಮೋದನೆ ಎಂದರೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ ಒಂದೊಂದು ಮಾದರಿಗೂ ಕೊಡುವ ಇಟಿಎ ಪ್ರಮಾಣಪತ್ರ. ಪರವಾನಗಿ ಬೇಡದ ಸೆಟ್ಟಿಗೂ ಇದು ಬೇಕೇ ಬೇಕು. ಹಾಗಾಗಿ ಅಂಗಡಿಯವರನ್ನು ಕೇಳಬೇಕಾದ್ದು ಎರಡೇ ಮಾತು: ಸೆಟ್ 446.0ರಿಂದ 446.2ರ ಒಳಗಷ್ಟೇ ಕೆಲಸ ಮಾಡುತ್ತದೆಯೇ, ಮತ್ತು ಈ ಮಾದರಿಯ ಇಟಿಎ ಸಂಖ್ಯೆ ಏನು. ಎರಡಕ್ಕೂ ಉತ್ತರ ಸಿಗದಿದ್ದರೆ ಬೇರೆ ಅಂಗಡಿ ನೋಡುವುದು ವಾಸಿ. ‘ಲೈಸೆನ್ಸ್ ಫ್ರೀ’ ಎಂದು ದಪ್ಪ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ನಂಬಬೇಕಾಗಿಲ್ಲ. ಬೇರೆ ಯಾವುದೋ ದೇಶದಲ್ಲಿ ಅದು ನಿಜವಾಗಿರಬಹುದು.

ಬೇರೆ ದೇಶದ ಮಾತು ಬಂದದ್ದರಿಂದ, ಹೊರನಾಡಿನ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಅಮೆರಿಕದಿಂದ ರಜೆಗೆ ಬರುವವರು ಅಣ್ಣನ ಮಕ್ಕಳಿಗೆಂದು ಅಲ್ಲಿನ ವಾಕಿಟಾಕಿ ಜೋಡಿ ತರುವುದುಂಟು. ಅಲ್ಲಿ ಅದು ಪೂರ್ತಿ ಕಾನೂನುಬದ್ಧ. ಎಫ್‌ಆರ್‌ಎಸ್ ಎಂಬ ಆ ವ್ಯವಸ್ಥೆಯಲ್ಲಿ 462 ಮತ್ತು 467 ಮೆಗಾಹರ್ಟ್ಸ್‌ನ 22 ಚಾನೆಲ್‌ಗಳಿವೆ, ಕೆಲವದರಲ್ಲಿ 2 ವ್ಯಾಟ್‌ವರೆಗೂ ಅವಕಾಶವಿದೆ. ಇನ್ನೂ ಹೆಚ್ಚು ಶಕ್ತಿ ಬೇಕೆಂದರೆ ಜಿಎಂಆರ್‌ಎಸ್ ಪರವಾನಗಿ ಇದೆ. ಪರೀಕ್ಷೆಯಿಲ್ಲ, 35 ಡಾಲರ್ ಕಟ್ಟಿದರೆ 10 ವರ್ಷಕ್ಕೆ ಇಡೀ ಕುಟುಂಬಕ್ಕೆ ಒಂದೇ ಪರವಾನಗಿ. ಸಂಸಾರವನ್ನು ಒಂದು ಘಟಕವೆಂದು ಕಂಡ ಆ ಏರ್ಪಾಟು ಮೆಚ್ಚತಕ್ಕದ್ದು, ನಮ್ಮಲ್ಲೂ ಬರಲಿ ಎಂಬ ಆಸೆ ನನಗಿದೆ. ಆದರೆ ಆ ಸೆಟ್ ವಿಮಾನ ಇಳಿದು ಬೆಂಗಳೂರಿಗೆ ಬಂದರೆ ಅದರ ಫ್ರೀಕ್ವೆನ್ಸಿಗೆ ಇಲ್ಲಿ ವಿನಾಯಿತಿಯಿಲ್ಲ. ಇಲ್ಲಿನ 446ರ ಸೆಟ್ ಅಲ್ಲಿಗೆ ಹೋದರೂ ಅದೇ ಕಥೆ, ಏಕೆಂದರೆ ಅಮೆರಿಕದಲ್ಲಿ ಅದು ಹ್ಯಾಮ್‌ಗಳು, ಎಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರು, ಬಳಸುವ 420ರಿಂದ 450ರವರೆಗಿನ ಬ್ಯಾಂಡಿನೊಳಗೆ ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ ಪ್ರವಾಸಿಗರು ಬಳಸುವ ಸೆಟ್ಟುಗಳದ್ದು 476-477ರ ಸುತ್ತ ಇನ್ನೊಂದೇ ಲೋಕ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನಗಳ ವಿಷಯದಲ್ಲಂತೂ ಇಮ್ಮಡಿ ಎಚ್ಚರ ಬೇಕು. ಹೊರದೇಶಗಳ ಚಾರಣಿಗರು ಚೀಲಕ್ಕೆ ಸಿಕ್ಕಿಸಿಕೊಂಡು ತಿರುಗುವ ಅವುಗಳನ್ನು ಅನುಮತಿಯಿಲ್ಲದೆ ಭಾರತಕ್ಕೆ ತರುವಂತಿಲ್ಲ. ತಂದ ವಿದೇಶಿ ಪ್ರವಾಸಿಗರನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ಪೊಲೀಸರು ತಡೆದು ಪ್ರಕರಣ ದಾಖಲಿಸಿದ್ದಾರೆ. ಹಿಮಾಲಯಕ್ಕೋ ಘಟ್ಟಕ್ಕೋ ಮಕ್ಕಳನ್ನು ಕರೆದೊಯ್ಯಲು ಬರುವವರು ಅದನ್ನು ಅಲ್ಲೇ ಮನೆಯಲ್ಲಿ ಬಿಟ್ಟು ಬರುವುದು ಕ್ಷೇಮ.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂಬ ಆಕ್ಷೇಪಕ್ಕೆ ಅರ್ಧ ಸತ್ಯವಿದೆ. ಬೆಂಗಳೂರು-ಮೈಸೂರು ದಾರಿಯಲ್ಲಿ ಹೋಗುವವರಿಗೆ ಫೋನೇ ಸಾಕು. ಗುಂಡಿ ಒತ್ತಿ ಮಾತಾಡುವ ಆ್ಯಪ್‌ಗಳೂ ಇವೆ, ಎಷ್ಟೇ ದೂರವಿದ್ದರೂ ನಡೆಯುತ್ತವೆ. ಆದರೆ ಅವೆಲ್ಲ ಟವರನ್ನು ನೆಚ್ಚಿಕೊಂಡವು. ಟವರ್ ಇಲ್ಲದ ಕಣಿವೆಯಲ್ಲಿ, ಲಕ್ಷ ಜನ ಒಂದೇ ಕಡೆ ಸೇರಿ ಟವರ್ ಬಳಲಿರುವ ದೀಪೋತ್ಸವದಲ್ಲಿ ಫೋನು ಕೈಕೊಡುತ್ತದೆ. ವಾಕಿಟಾಕಿಗೆ ನಡುವೆ ಯಾರೂ ಬೇಡ, ಒಂದು ಸೆಟ್ ಇನ್ನೊಂದರ ಜೊತೆ ನೇರ ಮಾತಾಡುತ್ತದೆ. ಒಬ್ಬರು ಹೇಳಿದ್ದು ಎಲ್ಲರಿಗೂ ಒಟ್ಟಿಗೇ ಕೇಳುತ್ತದೆ. ‘ಮುಂದೆ ದನ ಅಡ್ಡ ಇವೆ, ನಿಧಾನ’ ಎಂಬ ಮಾತನ್ನು ನಾಲ್ಕು ನಂಬರಿಗೆ ಡಯಲ್ ಮಾಡಿ ಹೇಳಬೇಕಾಗಿಲ್ಲ. ಕಣ್ಣು ಮಂಜಾದ ಅಜ್ಜನಿಗೂ ಫೋನ್ ಕೊಡಲು ಇನ್ನೂ ವಯಸ್ಸಾಗದ ಮೊಮ್ಮಗಳಿಗೂ ಒಂದೇ ಗುಂಡಿಯ ಸಾಧನ ಸಲೀಸು. ಬೈಕಿನಲ್ಲಿ ಹೋಗುವ ಗುಂಪುಗಳಿಗೆ ಮಾತ್ರ ನಾನು ವಾಕಿಟಾಕಿ ಹೇಳಲಾರೆ. ಹೆಲ್ಮೆಟ್ಟಿಗೆ ಜೋಡಿಸುವ ಬ್ಲೂಟೂತ್ ಇಂಟರ್‌ಕಾಮ್ ಅವರಿಗೆ ಹೆಚ್ಚು ಹೊಂದುತ್ತದೆ. ಅದು ನಡೆಯುವ 2.4 ಗಿಗಾಹರ್ಟ್ಸ್ ಬ್ಯಾಂಡಿಗೂ ಪರವಾನಗಿ ಬೇಡ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ಆಪತ್ತು ಬಂದರೆ ಹೆಚ್ಚು ಶಕ್ತಿಯ ಸೆಟ್ ಜೀವ ಉಳಿಸಬಹುದಲ್ಲವೇ, ಆಗ ಕಾನೂನು ನೋಡುತ್ತ ಕೂರುವುದೇ? ಕೇಳಲು ಸರಿಯೆನಿಸುವ ಈ ಮಾತಿನಲ್ಲಿ ಒಂದು ಊಹೆ ಅಡಗಿದೆ: ಆ ಕಡೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು. ಕಾಡಿನ ಮಧ್ಯೆ 5 ವ್ಯಾಟ್‌ನಲ್ಲಿ ಕೂಗಿದರೆ ಕೇಳುವವರು ಅದೇ ಚಾನೆಲ್‌ನಲ್ಲಿರುವ ನಿಮ್ಮವರೇ ಹೊರತು ಆಸ್ಪತ್ರೆಯಲ್ಲ, ಪೊಲೀಸರಲ್ಲ. ನಿಮ್ಮವರು ಇರುವ ದೂರಕ್ಕೆ ಅರ್ಧ ವ್ಯಾಟ್ ಮುಟ್ಟದಿದ್ದರೆ ಬಹುಪಾಲು ಸಂದರ್ಭದಲ್ಲಿ ನಡುವೆ ಗುಡ್ಡವಿದೆ ಎಂದೇ ಅರ್ಥ. ಆಪತ್ತಿಗೆ 112 ಇದೆ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದು ಸಿಕ್ಕರೆ ಆ ಕರೆ ಹೋಗಬಲ್ಲದು. ಅರ್ಧ ವ್ಯಾಟ್ ಸೆಟ್ ಇಲ್ಲೂ ಕೆಲಸಕ್ಕೆ ಬರುತ್ತದೆ. ಕಾಲು ಉಳುಕಿಸಿಕೊಂಡವರ ಬಳಿ ಒಬ್ಬರು ಉಳಿದು, ಇನ್ನೊಬ್ಬರು ಸಿಗ್ನಲ್ ಸಿಗುವ ದಿಬ್ಬದ ಕಡೆ ನಡೆಯುತ್ತ ಇಬ್ಬರೂ ಮಾತು ಕಾಯ್ದುಕೊಳ್ಳಬಹುದು. ನಿಜವಾಗಿ ದೂರದ ಮಾತೇ ಬೇಕೆನ್ನುವವರಿಗೆ ಕಾನೂನುಬದ್ಧ ದಾರಿ ಹ್ಯಾಮ್ ರೇಡಿಯೊ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ಬೆಂಗಳೂರಿನಲ್ಲಿ ದಶಕಗಳಿಂದ ಹ್ಯಾಮ್ ಸಂಘಗಳಿವೆ, ಕಲಿಸುವವರೂ ಇದ್ದಾರೆ. ಮಗ ಮಗಳು ಅದರಲ್ಲಿ ಆಸಕ್ತಿ ತೋರಿದರೆ ಅದಕ್ಕಿಂತ ಒಳ್ಳೆಯ ಹವ್ಯಾಸ ವಿರಳ. ಆದರೆ ಆ ಪರವಾನಗಿ ಸಂಸಾರಕ್ಕಲ್ಲ, ವ್ಯಕ್ತಿಗೆ. ಅಪ್ಪ ಪಾಸಾದ ಮಾತ್ರಕ್ಕೆ ಅಮ್ಮನೂ ಚಿಕ್ಕಪ್ಪನೂ ಆ ಬ್ಯಾಂಡಿನಲ್ಲಿ ತಾವೇ ಮಾತಾಡುವಂತಿಲ್ಲ. 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡ್‌ಗೂ ನಮ್ಮಲ್ಲಿ 2005ರಿಂದ ವಿನಾಯಿತಿ ಇದೆ, 5 ವ್ಯಾಟ್‌ವರೆಗೆ. ಆದರೆ ಅದು ಸೆಟ್ಟಿನೊಳಗೇ ಕೂಡಿಸಿದ ಆ್ಯಂಟೆನಾಕ್ಕೆ ಮಾತ್ರ. ಆ ಅಲೆಯ ಉದ್ದವೇ 11 ಮೀಟರ್. ಕೈಯಲ್ಲಿ ಹಿಡಿಯುವಷ್ಟು ಮೋಟು ಆ್ಯಂಟೆನಾ ಅದಕ್ಕೆ ಸಾಲದಾಗಿ ಹೇಳಿದಷ್ಟು ದೂರ ಮುಟ್ಟುವುದಿಲ್ಲ. 446ರ ಅಲೆ 67 ಸೆಂಟಿಮೀಟರ್. ಅದರ ಕಾಲುಭಾಗ ಒಂದು ಗೇಣಿಗೂ ಕಡಿಮೆ. ಕಿರು ಸೆಟ್ಟಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ಕಾನೂನಿನ ಗೆರೆಯೊಳಗೆ ಬಂದ ಮೇಲೆ ಎಲ್ಲ ಸೆಟ್ಟುಗಳ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಆಗ ಆಯ್ಕೆ ಬೇರೆ ವಿಷಯಗಳತ್ತ ತಿರುಗುತ್ತದೆ, ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ. ಮಲೆನಾಡಿಗೆ ಹೋಗುವವರು ಮೊದಲು ನೋಡಬೇಕಾದ್ದು ನೀರಿನ ತಡೆ. ಐಪಿ 54 ಎಂದಿದ್ದರೆ ಎರಚಲು ತಡೆಯುತ್ತದೆ. ಐಪಿ 67 ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಉಳಿಯುತ್ತದೆ. ಆಗುಂಬೆಯ ಮಳೆಗೆ ಎರಡನೆಯದೇ ಸರಿ. ಬ್ಯಾಟರಿ ಮುಗಿದಾಗ ಪೆಟ್ಟಿಗೆ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ ಹಾಕಿಕೊಳ್ಳಲು ಬರುವ ಸೆಟ್ ಹಳ್ಳಿದಾರಿಯಲ್ಲಿ ದೊಡ್ಡ ಅನುಕೂಲ. ಕಾರಿನಲ್ಲೇ ಯುಎಸ್‌ಬಿಯಿಂದ ಚಾರ್ಜ್ ಆದರಂತೂ ಇನ್ನೂ ಒಳ್ಳೆಯದು. ಗುಂಡಿ ದೊಡ್ಡದಾಗಿರಲಿ, ಮಗುವಿನ ಕೈಗೆ ತಾಗುವಂತಿರಲಿ, ಚಾನೆಲ್ ತಾನಾಗಿ ಬದಲಾಗದಂತೆ ಲಾಕ್ ಇರಲಿ. ಜಾತ್ರೆಯ ಗದ್ದಲಕ್ಕೆ ಇಯರ್‌ಫೋನ್ ಸಿಕ್ಕಿಸುವ ತೂತು ಬೇಕು. ‘ಪ್ರೈವೆಸಿ ಕೋಡ್’ ಎಂಬ ಸೌಲಭ್ಯಕ್ಕೆ ಮರುಳಾಗಬಾರದು. ಅದು ಬೇರೆಯವರ ಮಾತು ನಿಮಗೆ ಕೇಳದಂತೆ ತಡೆಯುತ್ತದೆಯೇ ಹೊರತು ನಿಮ್ಮ ಮಾತು ಅವರಿಗೆ ಕೇಳದಂತೆ ಅಲ್ಲ. ಉಳಿದುಕೊಂಡ ಹೋಂಸ್ಟೇಯ ಹೆಸರು, ಮಕ್ಕಳು ಒಂಟಿಯಾಗಿರುವ ಸಂಗತಿ, ಹಣದ ವಿಚಾರ ಇವನ್ನು ವಾಕಿಟಾಕಿಯಲ್ಲಿ ಆಡದಿರುವುದೇ ನಿಜವಾದ ಕೋಡ್.

ಕಾರಿನಲ್ಲಿ ಬಳಸುವವರು ಇನ್ನೂ ಒಂದು ಕಾನೂನನ್ನು ನೆನಪಿಡಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ವಾಹನ ಓಡಿಸುತ್ತ ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನವನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಅಲ್ಲಿ ಮೊಬೈಲ್ ಎಂದಷ್ಟೇ ಹೇಳಿಲ್ಲ. ಪರವಾನಗಿ ಬೇಡದ ಸೆಟ್ಟೇ ಆದರೂ ಅದು ಚಾಲಕನ ಕೈಯಲ್ಲಿ ಇರಕೂಡದು. ಪಕ್ಕದಲ್ಲಿ ಕೂತವರು ಮಾತಾಡಲಿ; ಹಿಂದಿನ ಸೀಟಿನ ಮಕ್ಕಳಿಗೆ ಆ ಕೆಲಸ ಒಪ್ಪಿಸಿದರೆ ಅವರೂ ಖುಷಿಯಿಂದ ಮಾಡುತ್ತಾರೆ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತು ಶುರುಮಾಡುವುದು, ಮುಗಿದ ಮೇಲೆ ‘ಓವರ್’ ಎನ್ನುವುದು, ಇಬ್ಬರೂ ಒಟ್ಟಿಗೆ ಒತ್ತಿದರೆ ಯಾರಿಗೂ ಕೇಳುವುದಿಲ್ಲವೆಂಬುದು, ಇಷ್ಟನ್ನು ಹೊರಡುವ ಮುಂಚಿನ ಸಂಜೆ ಮನೆಯ ಬೀದಿಯಲ್ಲೇ ಕಲಿಸಬಹುದು. ಒಬ್ಬರು ಮನೆಮುಂದೆ ನಿಂತು ಇನ್ನೊಬ್ಬರು ನಡೆಯುತ್ತ ಹೋದರೆ ಮಾತು ಎಲ್ಲಿ ಒಡೆಯುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ, ಡಬ್ಬಿಯ ಸಂಖ್ಯೆಗಿಂತ ಆ ತಿಳಿವಳಿಕೆ ಹೆಚ್ಚು ನೆಚ್ಚತಕ್ಕದ್ದು. ಜೊತೆಗೆ ಒಂದು ಮಾತು ಮಾಡಿಕೊಳ್ಳುವುದೂ ಅಗತ್ಯ: ಮೂರು ಸಲ ಕರೆದರೂ ಉತ್ತರ ಬಾರದಿದ್ದರೆ ಮುಂದಿನ ಕಾರು ಎಡಬದಿಯಲ್ಲಿ ನಿಲ್ಲಲು ತಕ್ಕ ಮೊದಲ ಜಾಗದಲ್ಲಿ ನಿಲ್ಲುತ್ತದೆ, ಚಾರಣದಲ್ಲಾದರೆ ಮುಂದಿನವರು ಮೊದಲು ಸಿಗುವ ಕವಲಿನಲ್ಲಿ ಕಾಯುತ್ತಾರೆ, ಹಿಂದಿನವರು ಬಂದು ಮುಟ್ಟುವವರೆಗೂ ಯಾರೂ ಅಲ್ಲಿಂದ ಕದಲುವುದಿಲ್ಲ.